ಮುರಿಯುವ ಕ್ಲಿಪ್, ಮೂರು ಸಲಹೆ ಮತ್ತು ಒಂದು ಲೆಕ್ಕ

ಪ್ರಶ್ನೆ: ಕೈಯಲ್ಲಿ ಹಿಡಿದು ಬಳಸುವ ಒಂದು ಅಳತೆ ಉಪಕರಣಕ್ಕೆ ಹೊರಕವಚ ವಿನ್ಯಾಸ ಮಾಡಿದ್ದೇನೆ. ಮೇಲೊಂದು ಭಾಗ, ಕೆಳಗೊಂದು ಭಾಗ, ಎರಡನ್ನೂ ಹಿಡಿಯಲು ನಾಲ್ಕು ಕ್ಲಿಪ್. ಕ್ಲಿಪ್ಪಿನ ಉದ್ದ 10 ಮಿ.ಮೀ., ದಪ್ಪ 2 ಮಿ.ಮೀ., ಕೂರುವಾಗ 1.5 ಮಿ.ಮೀ. ಬಾಗಬೇಕು. ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದ್ದು ಚೆನ್ನಾಗಿ ಕೂತಿದೆ, ಆದರೆ ಕೆಲವು ಸಲ ತೆಗೆದು ಹಾಕುವಷ್ಟರಲ್ಲಿ ಕ್ಲಿಪ್ ಬುಡದಲ್ಲೇ ಮುರಿಯುತ್ತಿದೆ. ಒಬ್ಬರು ಪಾಲಿಕಾರ್ಬೊನೇಟ್ ಹಾಕಿ ಅಂದರು, ಇನ್ನೊಬ್ಬರು ಕಾರ್ಬನ್ ಫೈಬರ್ ಬೆರೆಸಿದ ನೈಲಾನ್, ಮತ್ತೊಬ್ಬರು ಅಲ್ಯೂಮಿನಿಯಂ. ಮೊದಲ ಸುತ್ತಿಗೆ 3,000 ಬೇಕು. ಬಿಸಿಲಲ್ಲಿ ಬಳಕೆ ಇದೆ, ಬ್ಲೂಟೂತ್ ಇದೆ, ಒಳಗೆ ಲಿಥಿಯಂ ಬ್ಯಾಟರಿ ಇದೆ. ಯಾವ ವಸ್ತು ಆರಿಸಲಿ? ಸಿಮ್ಯುಲೇಶನ್ ಕಲಿಯಲೇಬೇಕಾ? 3,000ವನ್ನೂ 3ಡಿ ಪ್ರಿಂಟ್‌ನಲ್ಲೇ ಮಾಡಿದರೆ ಆಗುವುದಿಲ್ಲವೇ?

ಉತ್ತರ:

ಅಳತೆ ಕೊಟ್ಟು ಕೇಳಿದ್ದು ಒಳ್ಳೆಯದಾಯಿತು. ಬರೇ "ಕ್ಲಿಪ್ ಮುರಿಯುತ್ತಿದೆ" ಅಂದಿದ್ದರೆ ನಾನೂ ನಾಲ್ಕನೇ ಸಲಹೆ ಕೊಡುವವನಾಗುತ್ತಿದ್ದೆ. ಈಗ ಲೆಕ್ಕ ಹಾಕಬಹುದು.

ಒಂದು ತುದಿ ಗೋಡೆಗೆ ಅಂಟಿಕೊಂಡು ಇನ್ನೊಂದು ತುದಿ ಬಾಗುವ ಪಟ್ಟಿಯಲ್ಲಿ ಬುಡದ ಮೇಲ್ಮೈ ಎಷ್ಟು ಹಿಗ್ಗುತ್ತದೆ ಅನ್ನುವುದಕ್ಕೆ ಒಂದು ಸರಳ ಸೂತ್ರ ಇದೆ. ಬಾಗುವ ದೂರವನ್ನು ದಪ್ಪದಿಂದ ಗುಣಿಸಿ, ಉದ್ದದ ವರ್ಗದಿಂದ ಭಾಗಿಸಿ, ಬಂದದ್ದನ್ನು ಒಂದೂವರೆಯಿಂದ ಗುಣಿಸಿ. ನಿಮ್ಮ ಕ್ಲಿಪ್‌ಗೆ 1.5 ಗುಣಿಸು 2 ಅಂದರೆ 3. ಅದನ್ನು 100ರಿಂದ ಭಾಗಿಸಿ, 1.5ರಿಂದ ಗುಣಿಸಿದರೆ 0.045. ಅಂದರೆ ಬುಡದಲ್ಲಿ ಶೇ. 4.5ರಷ್ಟು ಸ್ಟ್ರೇನ್.

ಈ ಸಂಖ್ಯೆ ಹಿಡಿದುಕೊಂಡು ನಿಮಗೆ ಬಂದ ಸಲಹೆಗಳನ್ನು ನೋಡಿ. ಪಾಲಿಕಾರ್ಬೊನೇಟ್ ಕ್ಲಿಪ್‌ಗಳಿಗೆ ಹೇಳಿ ಮಾಡಿಸಿದ ವಸ್ತು ನಿಜ. ಆದರೆ ಒಂದೇ ಸಲ ಹಾಕಿ ಬಿಡುವ ಕ್ಲಿಪ್‌ಗೂ ಅದರಲ್ಲಿ ಸಾಮಾನ್ಯವಾಗಿ ಶೇ. 4ರ ಮಿತಿ ಇಟ್ಟುಕೊಳ್ಳುತ್ತಾರೆ. ಪದೇ ಪದೇ ತೆಗೆಯುವುದಾದರೆ ಅದರ ಶೇ. 60, ಅಂದರೆ 2.4. ನೀವು ಅದರ ಹತ್ತಿರ ಹತ್ತಿರ ಎರಡು ಪಟ್ಟು ಕೇಳುತ್ತಿದ್ದೀರಿ. ಕಾರ್ಬನ್ ಫೈಬರ್ ಬೆರೆಸಿದ ನೈಲಾನ್ ಇನ್ನೂ ಬೇಗ ಮುರಿಯುತ್ತದೆ. ಫೈಬರ್ ಸೇರಿದಂತೆ ವಸ್ತು ಬಿಗಿಯಾಗುತ್ತದೆ, ಹಿಗ್ಗುವ ಗುಣ ಕಡಿಮೆಯಾಗುತ್ತದೆ. ಅಲ್ಯೂಮಿನಿಯಂ ಆದರೆ ಶೇ. 1 ತಲುಪುವ ಮುಂಚೆಯೇ ಬಾಗಿದ ಕಡೆಯೇ ನಿಂತುಬಿಡುತ್ತದೆ, ಮುಂಚಿನ ಜಾಗಕ್ಕೆ ವಾಪಸ್ ಬರುವುದಿಲ್ಲ. ಮೂರು ಸಲಹೆ ಕೊಟ್ಟವರೂ ಬಲದ ಬಗ್ಗೆ ಯೋಚಿಸಿದ್ದಾರೆ. ಕ್ಲಿಪ್‌ಗೆ ಬೇಕಿರುವುದು ಬಾಗಿ ವಾಪಸ್ ಬರುವ ಶಕ್ತಿ.

ಹಾಗಾಗಿ ವಸ್ತುವಿನ ಮಾತು ಆಮೇಲೆ. ಮೊದಲು ಆಕಾರ. ಉದ್ದ 15 ಮಿ.ಮೀ., ದಪ್ಪ 1.2 ಮಿ.ಮೀ. ಮಾಡಿ, ಅಷ್ಟೇ ಬಾಗಿಸಿ. ಅದೇ ಸೂತ್ರದಲ್ಲಿ ಶೇ. 1.2 ಬರುತ್ತದೆ. ಸ್ಟ್ರೇನ್ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು, ವಸ್ತು ಮುಟ್ಟಲೇ ಇಲ್ಲ. ಉದ್ದ ವರ್ಗದಲ್ಲಿ ಕೆಲಸ ಮಾಡುವುದರಿಂದ ಅಲ್ಲಿ ಸಿಗುವ ಪ್ರತಿ ಮಿಲಿಮೀಟರೂ ಬೆಲೆಬಾಳುತ್ತದೆ. 15 ಮಿ.ಮೀ. ಎತ್ತರಕ್ಕೆ ಜಾಗ ಇಲ್ಲದಿದ್ದರೆ ಕ್ಲಿಪ್ಪನ್ನು ಮಲಗಿಸಿ, ಗೋಡೆಯ ಉದ್ದಕ್ಕೆ ಓಡುವಂತೆ ಮಾಡಿ. ಅದೂ ಆಗದಿದ್ದರೆ ಬುಡದಿಂದ ತುದಿಗೆ ಹೋಗುತ್ತಾ ದಪ್ಪ ಅರ್ಧಕ್ಕೆ ಇಳಿಯುವಂತೆ ಮಾಡಿ. ಆಗ ಬಾಗು ಬುಡದಲ್ಲೇ ಸೇರಿಕೊಳ್ಳದೆ ಉದ್ದಕ್ಕೂ ಹಂಚಿಹೋಗುತ್ತದೆ, ಅದೇ ಸ್ಟ್ರೇನ್‌ಗೆ ಸುಮಾರು ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬಾಗುತ್ತದೆ. ಬುಡದ ಒಳಮೂಲೆ ಚೂಪಾಗಿ ಇರಲೇಬಾರದು. ದಪ್ಪದ ಅರ್ಧದಷ್ಟು ತ್ರಿಜ್ಯದ ದುಂಡು ಕೊಡಿ. ಬುಡದಲ್ಲೇ ಮುರಿಯುತ್ತದೆ ಅಂತ ಬರೆದಿದ್ದೀರಲ್ಲ, ಅಲ್ಲಿ ಚೂಪು ಮೂಲೆ ಇರುವ ಸಾಧ್ಯತೆ ಬಹಳ.

ಇದರ ಜೊತೆಗೆ ಪ್ರಿಂಟಿನದ್ದೇ ಒಂದು ತೊಂದರೆ ಇದೆ. ತಂತಿ ಕರಗಿಸಿ ಪದರ ಪದರವಾಗಿ ಕಟ್ಟುವ ಪ್ರಿಂಟರ್‌ನಲ್ಲಿ ಪದರಗಳ ನಡುವಿನ ಬಂಧ ಯಾವಾಗಲೂ ದುರ್ಬಲ. ಕ್ಲಿಪ್ಪನ್ನು ನೆಟ್ಟಗೆ ನಿಲ್ಲಿಸಿ ಪ್ರಿಂಟ್ ಮಾಡಿದರೆ ಬಾಗಿದಾಗ ಎಳೆತ ಸರಿಯಾಗಿ ಆ ಬಂಧದ ಮೇಲೇ ಬೀಳುತ್ತದೆ. ಸೌದೆ ಎಳೆಯ ಉದ್ದಕ್ಕೆ ಸಲೀಸಾಗಿ ಸೀಳುತ್ತದಲ್ಲ, ಹಾಗೆ. ಕ್ಲಿಪ್ಪನ್ನು ಬೇರೆ ತುಂಡಾಗಿ ಮಲಗಿಸಿ ಪ್ರಿಂಟ್ ಮಾಡಿ ಒಮ್ಮೆ ಬಾಗಿಸಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಅಂದರೆ ನಿಮ್ಮ ಪ್ರಿಂಟ್ ಹೇಳುತ್ತಿರುವುದು ಆಕಾರ ಸರಿಯಾಗಿ ಕೂರುತ್ತದೆ ಅನ್ನುವುದನ್ನು ಮಾತ್ರ. ಎಷ್ಟು ಬಾಳುತ್ತದೆ ಅನ್ನುವುದರ ಬಗ್ಗೆ ಅದರ ಸಾಕ್ಷಿ ನಂಬಬೇಡಿ, ಒಳ್ಳೆಯ ಸಾಕ್ಷಿಯನ್ನೂ ಕೆಟ್ಟ ಸಾಕ್ಷಿಯನ್ನೂ.

ಎಲ್ಲರ ಮೊದಲ ನಮೂನೆಯೂ ಈಗ ಹೀಗೇ ಹುಟ್ಟುವುದಕ್ಕೆ ಒಂದು ಕಾರಣ ಇದೆ. ಈ ತಂತಿ ಕರಗಿಸುವ ವಿಧಾನ ಸ್ಕಾಟ್ ಕ್ರಂಪ್ ಅವರದು, ಅವರ ಸ್ಟ್ರಾಟಾಸಿಸ್ ಕಂಪನಿ ಅದರ ಪೇಟೆಂಟ್ ಇಟ್ಟುಕೊಂಡಿತ್ತು. 2009ರಲ್ಲಿ ಅದರ ಅವಧಿ ಮುಗಿದ ಮೇಲೆ ಅಗ್ಗದ ಪ್ರಿಂಟರ್‌ಗಳು ಮೇಜಿನ ಮೇಲೆ ಬಂದು ಕೂತವು. ಪಿಎಲ್‌ಎ ಅವಕ್ಕೆ ಸುಲಭದ ವಸ್ತು, ಬೇಗ ಕರಗುತ್ತದೆ, ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಆದರೆ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಬಿಸಿಯಾಗಬಲ್ಲದು. ಬಿಸಿಲಲ್ಲಿ ಬಳಸುವ ಉಪಕರಣದ ಅಂತಿಮ ವಸ್ತುಗಳ ಪಟ್ಟಿಯಿಂದ ಪಿಎಲ್‌ಎಯನ್ನು ಈಗಲೇ ತೆಗೆದುಬಿಡಿ.

ಈಗ ವಸ್ತು. "ಯಾವುದು ಗಟ್ಟಿ" ಅಂತ ಕೇಳಿಕೊಂಡು ಹೊರಟರೆ ದಾರಿ ತಪ್ಪುತ್ತದೆ. ಈ ಪೆಟ್ಟಿಗೆಗೆ ಏನೇನು ಆಗಲಿದೆ ಅಂತ ಬರೆದುಕೊಳ್ಳಿ: ಬಿಸಿಲು, ಕೈಜಾರಿ ಬೀಳುವುದು, ಯಾರೋ ಸ್ಪಿರಿಟ್ ಹಾಕಿ ಒರೆಸುವುದು, ಒಳಗಿನ ಬ್ಯಾಟರಿ ಬಿಸಿಯಾಗುವುದು, ಬ್ಲೂಟೂತ್ ಹೊರಗೆ ಹೋಗಬೇಕಾದದ್ದು. ಈ ಪಟ್ಟಿಯೇ ಒಂದೊಂದು ವಸ್ತುವನ್ನು ಹೊರಗೆ ಹಾಕುತ್ತಾ ಹೋಗುತ್ತದೆ.

ಬ್ಲೂಟೂತ್ ಇರುವುದರಿಂದ ಅಲ್ಯೂಮಿನಿಯಂ ಕಷ್ಟ. ಲೋಹದ ಪೆಟ್ಟಿಗೆ ರೇಡಿಯೊ ತರಂಗವನ್ನು ತಡೆಯುತ್ತದೆ, ಆಂಟೆನಾಗೆ ಪ್ಲಾಸ್ಟಿಕ್ ಕಿಟಕಿ ಬಿಡಬೇಕಾಗುತ್ತದೆ. ಕಾರ್ಬನ್ ಫೈಬರ್ ಕೂಡ ವಿದ್ಯುತ್ ವಾಹಕ, ಅಲ್ಲೂ ಇದೇ ಗೋಳು. ಜೊತೆಗೆ ನೈಲಾನ್ ನೀರು ಕುಡಿಯುತ್ತದೆ. ನೈಲಾನ್ 6 ಪೂರ್ತಿ ನೆನೆದರೆ ತೂಕದ ಶೇ. 9ರವರೆಗೆ ನೀರು ಹೀರಬಲ್ಲದು, ಹೀರಿದಂತೆ ಅಳತೆಯೂ ಬದಲಾಗುತ್ತದೆ. ಗೇರ್‌ಗೋ ಬ್ರ್ಯಾಕೆಟ್‌ಗೋ ಅದು ಒಳ್ಳೆಯ ವಸ್ತು. ನಿಮ್ಮ ಪೆಟ್ಟಿಗೆಗೆ ಅದರಿಂದ ಸಿಗುವ ಲಾಭ ನನಗೆ ಕಾಣುತ್ತಿಲ್ಲ.

"ಆದರೂ ಅಲ್ಯೂಮಿನಿಯಂ ಅಂದರೆ ಗಟ್ಟಿ ಅಲ್ವಾ" ಅನ್ನುವ ಮಾತು ಮತ್ತೆ ಬಂದೇ ಬರುತ್ತದೆ, ಅದಕ್ಕೆ ಒಂದು ಲೆಕ್ಕ ಇಟ್ಟುಕೊಂಡಿರಿ. ಬಾಗುವುದನ್ನು ತಡೆಯುವ ಗುಣದಲ್ಲಿ ಅಲ್ಯೂಮಿನಿಯಂ ಸುಮಾರು 70 ಗಿಗಾಪಾಸ್ಕಲ್, ಎಬಿಎಸ್ ಅನ್ನುವ ಪ್ಲಾಸ್ಟಿಕ್ ಸುಮಾರು 2.2. ಮೂವತ್ತು ಪಟ್ಟು ಜಾಸ್ತಿ. ಆದರೆ ಹಲಗೆಯೊಂದು ಬಾಗದಿರುವುದು ಅದರ ದಪ್ಪದ ಘನಕ್ಕೆ ತಕ್ಕಂತೆ. ಹಾಗಾಗಿ 1 ಮಿ.ಮೀ. ಅಲ್ಯೂಮಿನಿಯಂ ತಗಡಿನಷ್ಟು ಬಿಗಿ ಸಿಗಲು ಎಬಿಎಸ್ 30 ಮಿ.ಮೀ. ಬೇಕಿಲ್ಲ, 3 ಮಿ.ಮೀ. ಚಿಲ್ಲರೆ ಸಾಕು. ತೂಕವೂ ಅಂಥ ಹೆಚ್ಚೇನಲ್ಲ, ಯಾಕೆಂದರೆ ಎಬಿಎಸ್ ಸಾಂದ್ರತೆ 1.05, ಅಲ್ಯೂಮಿನಿಯಂನದು 2.7. ಇನ್ನು ಒಳಗಡೆ ರಿಬ್, ಅಂದರೆ ಗೋಡೆಗೆ ಆಸರೆಯಾಗುವ ತೆಳು ಏಣು, ಕೊಟ್ಟರೆ 3 ಮಿ.ಮೀ. ಕೂಡ ಬೇಕಾಗುವುದಿಲ್ಲ. ಉಕ್ಕು ಮತ್ತು ಅಲ್ಯೂಮಿನಿಯಂ ವಿಷಯದಲ್ಲೂ ಜನ ಹೀಗೇ ಎಡವುತ್ತಾರೆ. ತೂಕಕ್ಕೆ ಹೋಲಿಸಿದ ಬಿಗಿಯಲ್ಲಿ ಎರಡೂ ಬಹುತೇಕ ಸಮ. ಅಲ್ಯೂಮಿನಿಯಂ ಗೆಲ್ಲುವುದು ಅದೇ ತೂಕಕ್ಕೆ ಅದನ್ನು ದಪ್ಪ ಮಾಡಬಹುದು ಅನ್ನುವ ಕಾರಣಕ್ಕೆ.

ಉಳಿಯುವುದು ಎಬಿಎಸ್ ಮತ್ತು ಪಾಲಿಕಾರ್ಬೊನೇಟ್ ಕುಟುಂಬ. ಬರೇ ಎಬಿಎಸ್ ಬಿಸಿಲಿಗೆ ಹಳದಿಯಾಗಿ ಪೆಡಸಾಗುತ್ತದೆ. ಅದರೊಳಗಿನ ಬ್ಯುಟಾಡೈನ್ ರಬ್ಬರ್‌ನ ಇಬ್ಬಂಧಗಳನ್ನು ನೇರಳಾತೀತ ಕಿರಣ ಮತ್ತು ಆಮ್ಲಜನಕ ಸೇರಿ ಕಡಿಯುತ್ತವೆ. ಆ ರಬ್ಬರ್ ತೆಗೆದು ಅಕ್ರಿಲೇಟ್ ರಬ್ಬರ್ ಹಾಕಿದ್ದೇ ಎಎಸ್‌ಎ. ಬರೇ ಪಾಲಿಕಾರ್ಬೊನೇಟ್ ಹೊಡೆತ ತಡೆಯುವುದರಲ್ಲಿ ಗಟ್ಟಿಗ, ಆದರೆ ರಾಸಾಯನಿಕಗಳಿಗೆ ಅಂಜುತ್ತದೆ. ಎಳೆತದಲ್ಲಿ ಇರುವಾಗ ಕೆಲವು ದ್ರಾವಕ, ಎಣ್ಣೆ ತಗುಲಿದರೆ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಸ್ಕ್ರೂ ಸಡಿಲವಾಗದಿರಲಿ ಅಂತ ಹಚ್ಚುವ ಥ್ರೆಡ್‌ಲಾಕರ್ ಕೂಡ ಇದನ್ನು ಮಾಡುತ್ತದೆ. ಹಚ್ಚಿದ ದಿನ ಏನೂ ಕಾಣುವುದಿಲ್ಲ, ಗಿರಾಕಿಯ ಕೈ ಸೇರಿದ ಮೇಲೆ ಸ್ಕ್ರೂ ಸುತ್ತ ಬಿರುಕು ಬರುತ್ತದೆ.

ನಾನಾದರೆ ಎಎಸ್‌ಎ ಮತ್ತು ಪಾಲಿಕಾರ್ಬೊನೇಟ್ ಮಿಶ್ರಣದಿಂದ ಶುರು ಮಾಡುತ್ತೇನೆ. ಬಿಸಿಲಿನ ಬಳಕೆ ಅಪರೂಪ ಅಂತಾದರೆ ಪಾಲಿಕಾರ್ಬೊನೇಟ್-ಎಬಿಎಸ್ ಮಿಶ್ರಣ ಸಾಕು, ಅದು ಎಲ್ಲ ಕಡೆ ಸುಲಭವಾಗಿ ಸಿಗುತ್ತದೆ, ಅಚ್ಚು ಹಾಕುವವರಿಗೆ ಕೈಪಳಗಿದ ವಸ್ತು. ಅದರಲ್ಲಿ ಒಂದೇ ಸಲ ಹಾಕುವ ಕ್ಲಿಪ್‌ಗೆ ಶೇ. 2.5ರ ಆಸುಪಾಸು, ಪದೇ ಪದೇ ತೆಗೆಯುವುದಕ್ಕೆ 1.5 ಮಿತಿ ಇಟ್ಟುಕೊಳ್ಳಿ. ಹೊಸ ಕ್ಲಿಪ್‌ನ 1.2 ಅದರೊಳಗೇ ಇದೆ. ಬ್ಯಾಟರಿ ಇರುವುದರಿಂದ ಬೆಂಕಿ ತಡೆಯುವ ದರ್ಜೆಯದ್ದನ್ನೇ ಕೇಳಿ. ಪ್ಲಾಸ್ಟಿಕ್ ಎಷ್ಟು ಬೇಗ ಆರುತ್ತದೆ ಅಂತ ನೋಡುವ ಯುಎಲ್ 94 ಪರೀಕ್ಷೆಯಲ್ಲಿ ವಿ-0 ಅಂದರೆ ಜ್ವಾಲೆ ತೆಗೆದ ಮೇಲೆ ಪ್ರತಿ ತುಂಡೂ 10 ಸೆಕೆಂಡಿನೊಳಗೆ ಆರಬೇಕು, ಉರಿಯುವ ಹನಿ ಬೀಳಕೂಡದು. ಆದರೆ ಆ ದರ್ಜೆ ನಿರ್ದಿಷ್ಟ ದಪ್ಪಕ್ಕೆ ಮಾತ್ರ ಅನ್ವಯ. 3 ಮಿ.ಮೀ.ಗೆ ವಿ-0 ಇರುವುದು 1.5 ಮಿ.ಮೀ.ಗೆ ಇರಬೇಕೆಂದಿಲ್ಲ, ವಸ್ತುವಿನ ಗುಣಗಳನ್ನು ಪಟ್ಟಿ ಮಾಡಿದ ಡೇಟಾಶೀಟ್‌ನಲ್ಲಿ ಆ ಸಾಲು ಹುಡುಕಿ ಓದಿ.

ಡೇಟಾಶೀಟ್ ಓದುವಾಗ ಇನ್ನೊಂದು ವಿಷಯ. ಅದರಲ್ಲಿರುವ ಬಲದ ಸಂಖ್ಯೆಗಳು ಸಾಮಾನ್ಯವಾಗಿ 23 ಡಿಗ್ರಿಯಲ್ಲಿ, ಕೆಲವೇ ಹೊತ್ತಿನಲ್ಲಿ ಎಳೆದು ಮುರಿದ ತುಂಡಿನದು. ನಿಮ್ಮ ಉತ್ಪನ್ನ 45 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇರಬಹುದು. ಪ್ಲಾಸ್ಟಿಕ್ ಮೇಲೆ ಒತ್ತಡ ಹಾಗೇ ಬಿಟ್ಟರೆ ಅದು ನಿಧಾನಕ್ಕೆ ಜಾರಿಕೊಡುತ್ತದೆ, ಇದಕ್ಕೆ ಕ್ರೀಪ್ ಅನ್ನುತ್ತಾರೆ. ಹಾಗಾಗಿ ಕ್ಲಿಪ್ ಬಾಗುವುದು ಒಳಗೆ ಹೋಗುವಾಗ ಮಾತ್ರ ಇರಲಿ. ಕೂತ ಮೇಲೆ ಅದು ನೆಟ್ಟಗಾಗಿ ಎಳೆತವಿಲ್ಲದೆ ಇರಬೇಕು. ಬಿಗಿಯಾಗಿ ಇರಲಿ ಅಂತ ಸ್ವಲ್ಪ ಬಾಗಿದ ಹಾಗೇ ಕೂರಿಸಿದರೆ ಮೊದಲ ದಿನ ಚೆಂದ, ಆಮೇಲೆ ಗಡಗಡ ಅನ್ನುತ್ತದೆ.

3,000 ಸಂಖ್ಯೆ ಸ್ವಲ್ಪ ಇಕ್ಕಟ್ಟಿನದು. ನೈಲಾನ್ 12 ಪುಡಿಯನ್ನು ಲೇಸರ್‌ನಲ್ಲಿ ಬೆಸೆಯುವ ಎಸ್‌ಎಲ್‌ಎಸ್, ಅದರ ಸೋದರ ಸಂಬಂಧಿ ಅನ್ನಬಹುದಾದ ಎಚ್‌ಪಿಯ ಮಲ್ಟಿ ಜೆಟ್ ಫ್ಯೂಶನ್, ಇವೆರಡರಲ್ಲೂ ಸಾವಿರಗಟ್ಟಲೆ ಭಾಗ ಮಾಡುವವರಿದ್ದಾರೆ. ಅಚ್ಚಿನ ಖರ್ಚಿಲ್ಲ, ನಾಳೆ ವಿನ್ಯಾಸ ಬದಲಿಸಬಹುದು, ಪದರಗಳ ಬಂಧವೂ ತಂತಿ ಪ್ರಿಂಟಿಗಿಂತ ಎಷ್ಟೋ ವಾಸಿ. ಆದರೆ ಮೇಲ್ಮೈ ಮರಳುಮರಳಾಗಿ ಬರುತ್ತದೆ, ಕೊಳೆ ಹಿಡಿಯುತ್ತದೆ, ನುಣುಪು ಮಾಡಲು ಇನ್ನೊಂದು ಹಂತ ಬೇಕು. ಮುಖ್ಯವಾಗಿ, ಹತ್ತು ಮಾಡಿದರೂ ಸಾವಿರ ಮಾಡಿದರೂ ಒಂದೊಂದರ ಖರ್ಚು ಅಷ್ಟೇನೂ ಇಳಿಯುವುದಿಲ್ಲ. ಅಂಗೈಯಗಲದ ಪೆಟ್ಟಿಗೆ, 3,000 ಸಂಖ್ಯೆ, ಮುಂದೆ ಇನ್ನೂ ಬೇಕಾಗಬಹುದು ಅಂದರೆ ನನ್ನ ಓಟು ಕರಗಿದ ಪ್ಲಾಸ್ಟಿಕ್ಕನ್ನು ಲೋಹದ ಅಚ್ಚಿಗೆ ಒತ್ತಿ ತುಂಬುವ ಇಂಜೆಕ್ಷನ್ ಮೋಲ್ಡಿಂಗ್‌ಗೆ. ಮೊದಲ ಐವತ್ತನ್ನು ಮಾತ್ರ ಎಸ್‌ಎಲ್‌ಎಸ್‌ನಲ್ಲಿ ಮಾಡಿಸಿ, ಬಳಸುವವರ ಕೈಗೆ ಕೊಟ್ಟು ನೋಡಿ. ಸಿಲಿಕೋನ್ ಅಚ್ಚಿನಲ್ಲಿ ಪಾಲಿಯುರಿಥೇನ್ ಸುರಿಯುವ ವ್ಯಾಕ್ಯೂಮ್ ಕಾಸ್ಟಿಂಗ್ ಕೂಡ ಇದೆ. ನೋಟ ಅಚ್ಚಿನ ಭಾಗದ ಹಾಗೇ ಇರುತ್ತದೆ, ಒಂದು ಅಚ್ಚಿಗೆ ಇಪ್ಪತ್ತರ ಆಸುಪಾಸು ಬರುತ್ತವೆ. ಫೋಟೊಗೆ, ಪ್ರದರ್ಶನಕ್ಕೆ ಸರಿ.

ಮೋಲ್ಡಿಂಗ್ ಅಂತ ತೀರ್ಮಾನಿಸಿದ ಕೂಡಲೇ ನಿಮ್ಮ ಈಗಿನ ಮಾಡೆಲ್ ಅರ್ಧ ಬದಲಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಪ್ರಿಂಟರ್ ಯಾವ ಆಕಾರ ಕೊಟ್ಟರೂ ಕಟ್ಟಿಕೊಡುತ್ತದೆ, ಅಚ್ಚು ಹಾಗಲ್ಲ. ಭಾಗ ಅಚ್ಚಿನಿಂದ ಕಳಚಿ ಹೊರಬರಬೇಕು. ನೆಟ್ಟಗಿನ ಗೋಡೆಗಳಿಗೆಲ್ಲ ಕನಿಷ್ಠ 1 ಡಿಗ್ರಿ ಡ್ರಾಫ್ಟ್, ಅಂದರೆ ಓರೆ, ಕೊಡಿ. ಹೊರಗೆ ಒರಟು ಟೆಕ್ಸ್ಚರ್ ಬೇಕೆಂದರೆ ಇನ್ನೂ ಜಾಸ್ತಿ. ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಇರಲಿ, 2ರಿಂದ 2.5 ಮಿ.ಮೀ. ಸಾಕು. ತಣಿಯುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 2 ಮಿ.ಮೀ. ಇದ್ದದ್ದನ್ನು 3 ಮಾಡಿದರೆ ಅದು ಎರಡೂಕಾಲು ಪಟ್ಟಾಗುತ್ತದೆ, ಅಷ್ಟು ಹೊತ್ತು ಯಂತ್ರ ಸುಮ್ನೆ ಕಾಯುತ್ತಿರುತ್ತದೆ. ರಿಬ್‌ನ ದಪ್ಪ ಗೋಡೆಯ ಅರ್ಧ, ಹೆಚ್ಚೆಂದರೆ ಶೇ. 60. ಅದಕ್ಕಿಂತ ದಪ್ಪ ಮಾಡಿದರೆ ಅಲ್ಲಿ ಪ್ಲಾಸ್ಟಿಕ್ ಕೊನೆಗೆ ತಣಿದು ಒಳಕ್ಕೆ ಎಳೆದು, ಹೊರಮೈಯಲ್ಲಿ ಕುಳಿ ಬೀಳುತ್ತದೆ. ಅದಕ್ಕೆ ಸಿಂಕ್ ಮಾರ್ಕ್ ಅನ್ನುತ್ತಾರೆ, ಹೊಳಪು ಬಣ್ಣದಲ್ಲಿ ಅದು ಎದ್ದು ಕಾಣುತ್ತದೆ.

ಕ್ಲಿಪ್ಪಿನ ಕೊಕ್ಕೆ ಅಚ್ಚಿನ ಭಾಷೆಯಲ್ಲಿ ಅಂಡರ್‌ಕಟ್. ನೇರ ತೆರೆಯುವ ಅಚ್ಚಿನಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಪಕ್ಕಕ್ಕೆ ಸರಿಯುವ ಸ್ಲೈಡರ್ ಹಾಕಿಸಬಹುದು, ಖರ್ಚು ಏರುತ್ತದೆ. ಅದರ ಬದಲು ಕೊಕ್ಕೆಯ ನೇರ ಕೆಳಗೆ, ಕ್ಲಿಪ್ಪಿನ ಬುಡದ ಪಕ್ಕ ಒಂದು ಕಿಂಡಿ ಬಿಟ್ಟರೆ ಅಚ್ಚಿನ ಇನ್ನೊಂದು ಅರ್ಧ ಆ ಕಿಂಡಿಯಿಂದ ಬಂದು ಕೊಕ್ಕೆಯ ಕೆಳಮೈ ರೂಪಿಸುತ್ತದೆ, ಸ್ಲೈಡರ್ ಬೇಕಿಲ್ಲ. ನಿಮ್ಮ ಕೈಗೆ ಸಿಗುವ ರಿಮೋಟ್, ಚಾರ್ಜರ್ ಇತ್ಯಾದಿಗಳನ್ನು ಬಿಚ್ಚಿ ಒಳಗಡೆ ಈ ಕಿಂಡಿಗಳನ್ನು ಹುಡುಕಿ. ಪುಸ್ತಕಕ್ಕಿಂತ ಜಾಸ್ತಿ ಅಲ್ಲೇ ಕಲಿಯಬಹುದು.

ಕೊಕ್ಕೆಯ ಹಿಡಿತ ಮೊದಲ ಸಲಕ್ಕೇ ಸರಿ ಬರುವುದು ಅಪರೂಪ. ಅಚ್ಚಿನಿಂದ ಲೋಹ ಕೆರೆದು ತೆಗೆಯುವುದು ಸುಲಭ, ಸೇರಿಸುವುದು ಕಷ್ಟ. ಲೋಹ ತೆಗೆದ ಕಡೆ ಭಾಗದಲ್ಲಿ ಪ್ಲಾಸ್ಟಿಕ್ ಜಾಸ್ತಿಯಾಗುತ್ತದೆ. ಹಾಗಾಗಿ ಮೊದಲ ಅಚ್ಚಿನಲ್ಲಿ ಕೊಕ್ಕೆಯ ಹಿಡಿತ ಬೇಕಾದ್ದಕ್ಕಿಂತ 0.2 ಮಿ.ಮೀ. ಕಡಿಮೆ ಇಟ್ಟು ಶುರು ಮಾಡಿ. ಸಡಿಲ ಅನಿಸಿದರೆ ಲೋಹ ತೆಗೆದು ಕೊಕ್ಕೆ ದೊಡ್ಡದು ಮಾಡಿಸಬಹುದು. ಕಸುಬಿನವರು ಇದಕ್ಕೆ ಸ್ಟೀಲ್ ಸೇಫ್ ಅನ್ನುತ್ತಾರೆ. ಅಚ್ಚು ಮಾಡುವವರ ಹತ್ತಿರ ಆ ಮಾತು ಎತ್ತಿ ನೋಡಿ, ಮಾತುಕತೆಯ ಧಾಟಿಯೇ ಬದಲಾಗುತ್ತದೆ.

ಸಿಮ್ಯುಲೇಶನ್ ಬಗ್ಗೆ ಕೇಳಿದ್ದಿರಿ. ಈ ಕೆಲಸಕ್ಕೆ ಬಲದ ಸಿಮ್ಯುಲೇಶನ್ ಬೇಕೇಬೇಕು ಅಂತ ನನಗನಿಸುವುದಿಲ್ಲ, ಮೇಲಿನ ಕೈಲೆಕ್ಕ ಸಾಕು. ಆದರೂ ಒಂದಲ್ಲ ಒಂದು ದಿನ ಮಾಡುತ್ತೀರಿ, ಆಗ ಒಂದು ಬಲೆ ನೆನಪಿರಲಿ. ಚೂಪಾದ ಒಳಮೂಲೆಯಲ್ಲಿ ಸ್ಟ್ರೆಸ್ ಎಷ್ಟು ಅಂತ ಸಾಫ್ಟ್‌ವೇರ್ ಹೇಳುವ ಸಂಖ್ಯೆಗೆ ಅರ್ಥವಿಲ್ಲ. ಮೆಶ್, ಅಂದರೆ ಲೆಕ್ಕಕ್ಕೆ ಭಾಗವನ್ನು ಒಡೆಯುವ ಸಣ್ಣ ತುಂಡುಗಳ ಬಲೆ, ಸಣ್ಣದು ಮಾಡಿದಷ್ಟೂ ಅದು ಏರುತ್ತಲೇ ಹೋಗುತ್ತದೆ. ಅಲ್ಲಿ ದುಂಡು ಕೊಟ್ಟು, ಮೆಶ್ ಎರಡು ಸಲ ಸಣ್ಣದು ಮಾಡಿ, ಉತ್ತರ ಹೆಚ್ಚುಕಡಿಮೆ ನಿಂತರೆ ಆಗ ನಂಬಿ. ಬಣ್ಣಬಣ್ಣದ ಚಿತ್ರ ಯಾವ ತಪ್ಪು ಲೆಕ್ಕಕ್ಕೂ ಬರುತ್ತದೆ. ನಿಮಗೆ ನಿಜವಾಗಿ ಉಪಯೋಗವಾಗುವುದು ಅಚ್ಚಿನೊಳಗೆ ಪ್ಲಾಸ್ಟಿಕ್ ಹರಿಯುವುದನ್ನು ತೋರಿಸುವ ಮೋಲ್ಡ್‌ಫ್ಲೋ ಥರದ ವಿಶ್ಲೇಷಣೆ. ಎರಡು ಕಡೆಯಿಂದ ಬಂದ ಹರಿವು ಸೇರುವ ಗೆರೆ (ವೆಲ್ಡ್ ಲೈನ್) ದುರ್ಬಲವಾಗಿರುತ್ತದೆ. ಆ ಗೆರೆ ಕ್ಲಿಪ್ಪಿನ ಬುಡಕ್ಕೆ ಬಿದ್ದರೆ ಇಷ್ಟೆಲ್ಲ ಲೆಕ್ಕ ಮಾಡಿದ್ದು ನೀರುಪಾಲು. ಇದನ್ನು ನೀವೇ ಕಲಿಯಬೇಕಿಲ್ಲ, ಅಚ್ಚು ಮಾಡುವವರನ್ನು ಕೇಳಿ, ಫಲಿತಾಂಶದಲ್ಲಿ ವೆಲ್ಡ್ ಲೈನ್ ಎಲ್ಲಿದೆ ತೋರಿಸಿ ಅನ್ನಿ. ಕಂಪ್ಯೂಟರೇ ಆಕಾರ ಹುಟ್ಟಿಸಿಕೊಡುವ ಜನರೇಟಿವ್ ಡಿಸೈನ್ ಸದ್ಯಕ್ಕೆ ಬಿಡಿ. ತೂಕ ಇಳಿಸಬೇಕಾದ ಲೋಹದ ಬ್ರ್ಯಾಕೆಟ್‌ಗೆ ಅದು ಚೆನ್ನ, ಅಚ್ಚಿನ ಪೆಟ್ಟಿಗೆಗೆ ಸಲ್ಲದ ಉಸಾಬರಿ.

ಮಾಡೆಲ್ ಮಾಡುವ ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತದೆ. ಫ್ಯೂಶನ್, ಸಾಲಿಡ್‌ವರ್ಕ್ಸ್, ಆನ್‌ಶೇಪ್, ದುಡ್ಡು ಕೊಡುವುದು ಬೇಡ ಅಂದರೆ ಫ್ರೀಕ್ಯಾಡ್. ಗೋಡೆಯ ದಪ್ಪ, ಕ್ಲಿಪ್ಪಿನ ಉದ್ದ ಇವನ್ನು ಹೆಸರಿಟ್ಟ ಅಳತೆಗಳಾಗಿ ಇಟ್ಟುಕೊಳ್ಳಿ, ಒಂದು ಸಂಖ್ಯೆ ಬದಲಿಸಿದರೆ ಎಲ್ಲ ಬದಲಾಗಲಿ. ಪ್ರಿಂಟರಿಗೆ ಕೊಡುವ ಎಸ್‌ಟಿಎಲ್ ಫೈಲನ್ನು ಅಚ್ಚು ಮಾಡುವವರಿಗೆ ಕಳಿಸಬೇಡಿ, ಅದರಲ್ಲಿ ಬರೇ ತ್ರಿಕೋನಗಳಿರುತ್ತವೆ. ಸ್ಟೆಪ್ ಫೈಲ್ ಕಳಿಸಿ, ಜೊತೆಗೆ ಒಂದು ಡ್ರಾಯಿಂಗ್. ಆ ಡ್ರಾಯಿಂಗ್‌ನಲ್ಲಿ ಎಲ್ಲ ಅಳತೆಗೂ ±0.05 ಬರೆದು ಖರ್ಚು ಏರಿಸಿಕೊಳ್ಳಬೇಡಿ. ಕ್ಲಿಪ್, ಸ್ಕ್ರೀನಿನ ಕಿಟಕಿ, ಸರ್ಕ್ಯೂಟ್ ಬೋರ್ಡ್ ಕೂರುವ ಜಾಗ, ಇವಿಷ್ಟಕ್ಕೆ ಬಿಗಿ ಟಾಲರೆನ್ಸ್ (ಅಳತೆ ಹೆಚ್ಚುಕಡಿಮೆಯಾಗಬಹುದಾದ ಮಿತಿ) ಇರಲಿ, ಉಳಿದದ್ದಕ್ಕೆ ಸಡಿಲ ಬಿಡಿ.

ಕೊನೆಗೆ ಬ್ಯಾಟರಿ. ನೀವು ಕೇಳಿಲ್ಲ, ಆದರೆ ಪೆಟ್ಟಿಗೆಯ ಪ್ರಶ್ನೆಯೇ ಅದು. ಮೆತ್ತನೆ ಚೀಲದಂಥ ಪೌಚ್ ಸೆಲ್ ಆಗಿದ್ದರೆ ಹಳತಾದಂತೆ ಅದು ಊದಿಕೊಳ್ಳುತ್ತದೆ. ಎಷ್ಟು ಅಂತ ಸೆಲ್ ತಯಾರಕರ ಹಾಳೆಯಲ್ಲಿ ಇರುತ್ತದೆ, ಅಷ್ಟು ಜಾಗ ದಪ್ಪದ ದಿಕ್ಕಿನಲ್ಲಿ ಬಿಡಿ. ಜಾಗ ಬಿಡದಿದ್ದರೆ ಊದಿದ ಸೆಲ್ ಒಳಗಿನಿಂದ ಮುಚ್ಚಳವನ್ನು ತಳ್ಳುತ್ತದೆ, ಕ್ಲಿಪ್‌ಗಳು ಹಗಲೂ ರಾತ್ರಿ ಎಳೆತದಲ್ಲೇ ಇರುತ್ತವೆ. ಸೆಲ್ ಎದುರಿಗೆ ರಿಬ್‌ನ ಅಂಚು, ಸ್ಕ್ರೂನ ಮೊನೆ, ಅಚ್ಚಿನ ಪಿನ್ ಬಿಟ್ಟ ಗುರುತು ಯಾವುದೂ ಬರಬಾರದು. ಹೊಸ ಮಾಡೆಲ್‌ನಲ್ಲಿ ಸೆಲ್ಲಿನ ಜಾಗ ಮೊದಲು ಗುರುತಿಸಿ, ಕ್ಲಿಪ್‌ಗಳಿಗೆ ಉಳಿಯುವ ಉದ್ದ ಎಷ್ಟು ಅಂತ ಆಮೇಲೆ ಅಳೆಯಿರಿ.